ಅಪ್ಪನ ಗಾಡಿಗೆ ಹದಿನೈದು ವರ್ಷ

2025ರ ಜೂನ್ ತಿಂಗಳ ಒಂದು ಮಧ್ಯಾಹ್ನ. ನೋಟ್ಸ್ ಜೆರಾಕ್ಸ್ ಮಾಡಿಸಲು ನಿಡಸೋಸಿಯಿಂದ ಸಂಕೇಶ್ವರಕ್ಕೆ ಹೊರಟಿದ್ದೆ. ದಾರಿಯಲ್ಲಿ ಪೊಲೀಸರು ಕೈ ಮಾಡಿ ಗಾಡಿ ನಿಲ್ಲಿಸಿದರು. ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಇತ್ತು. ಆದ್ದರಿಂದ ಎದೆಯುಬ್ಬಿಸಿಯೇ ನಿಂತಿದ್ದೆ. ಆರ್‌ಸಿ ಕಾರ್ಡ್ ತಿರುಗಿಸಿ ನೋಡಿದ ಪೊಲೀಸಪ್ಪ ನಕ್ಕು, ‘ತಮ್ಮಾ, ಇನ್ನ ಎರಡ ತಿಂಗಳಿಗೆ ನಿನ್ನ ಗಾಡೀದು ಆಯುಷ್ಯ ಮುಗೀತೈತಿ. ನೋಡ್ಕೋ’ ಎಂದು ಕಾರ್ಡ್ ವಾಪಸ್ ಕೊಟ್ಟರು.

ನಮ್ಮದು 2010ರ ಹೀರೊ ಹೋಂಡಾ ಸ್ಪ್ಲೆಂಡರ್ ಪ್ಲಸ್. ಕೆಎ-23, ಅಂದರೆ ಚಿಕ್ಕೋಡಿ ನೋಂದಣಿ. ಅದು ಮನೆಗೆ ಬಂದಾಗ ನನಗೆ ಐದು ವರ್ಷ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಪ್ಪ ದುರದುಂಡೀಶ್ವರ ಮಠದ ತನಕ ಹೋಗಿ ಬಂದಿದ್ದು ಇನ್ನೂ ಮಸುಕಾಗಿ ನೆನಪಿದೆ. ಆಮೇಲೆ ಅದೇ ಗಾಡಿಯ ಮೇಲೆ ಕಬ್ಬಿನ ಬೀಜ ಬಂತು, ಗೊಬ್ಬರದ ಚೀಲ ಬಂತು. ಅಕ್ಕನ ಮದುವೆಯ ಕಾರ್ಡುಗಳು ಊರೂರಿಗೆ ಹೋಗಿದ್ದೂ ಅದರ ಮೇಲೆಯೇ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಪ್ಪ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಪಾಳಿಗೆ ಹೋಗುವುದೂ ಅದೇ ಗಾಡಿಯಲ್ಲಿ.

ಮನೆಗೆ ಬಂದು ವಿಷಯ ಹೇಳಿದೆ. ಚಿಕ್ಕಪ್ಪ ಕೂಡಲೇ, ‘ಹದಿನೈದ ವರ್ಷ ಆತಂದ್ರ ಮುಗೀತು. ಗುಜರಿಗೆ ಹಾಕೋದ ಛಲೋ’ ಎಂದರು. ಅಪ್ಪ ಮಾತಾಡಲಿಲ್ಲ. ಹೊಸ ಗಾಡಿ ತರುವ ದುಡ್ಡಿನಲ್ಲಿ ನನ್ನ ಒಂದು ವರ್ಷದ ಫೀಸು ಮತ್ತು ಪುಸ್ತಕದ ಖರ್ಚು ಕಳೆಯುತ್ತದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಗುಜರಿಗೆ ಹಾಕಬೇಕಿಲ್ಲ

ಆ ರಾತ್ರಿ ಕುಳಿತು ನಿಯಮ ಓದಿದೆ. ಹದಿನೈದು ವರ್ಷಕ್ಕೆ ಗಾಡಿ ಸಾಯುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಜನರ ಬಾಯಲ್ಲಿದೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ದೆಹಲಿ ಸುತ್ತಮುತ್ತ ಇರುವ ನಿರ್ಬಂಧದ ಸುದ್ದಿಯನ್ನೇ ಜನ ಇಲ್ಲಿಗೂ ಅನ್ವಯಿಸಿಕೊಂಡಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ತೋರಿಸಿ, ಅದು ರಸ್ತೆಗೆ ಯೋಗ್ಯ ಎನಿಸಿದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಅದು ಫಾರ್ಮ್ 25. 2022ರ ಏಪ್ರಿಲ್‌ನಿಂದ ಬೈಕ್ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ತಡ ಮಾಡಿದರೆ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಹಸಿರು ತೆರಿಗೆ ಬೇರೆ.

ಇನ್ನೊಂದು ವಿಷಯ ಓದಿ ಬೆಚ್ಚಿದೆ. ನೋಂದಣಿ ಸಿಂಧುವಾಗಿರದ ವಾಹನವೊಂದು ಕಳುವಾದ ಪ್ರಕರಣದಲ್ಲಿ, ವಿಮೆ ಪಾಲಿಸಿ ಇದ್ದರೂ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಅಂದರೆ ಇನ್ಶೂರೆನ್ಸ್ ಕಟ್ಟಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ನಿಮ್ಮ ಮನೆಯ ಗಾಡಿಯ ಆರ್‌ಸಿಯಲ್ಲಿ ಅವಧಿ ಮುಗಿಯುವ ದಿನ ಯಾವುದು ಎಂದು ಇವತ್ತೇ ನೋಡಿ. ನಮ್ಮ ತರಗತಿಯಲ್ಲಿ ಬೈಕ್ ತರುವ ಹನ್ನೊಂದು ಹುಡುಗರನ್ನು ಕೇಳಿದೆ. ಅದು ಗೊತ್ತಿದ್ದದ್ದು ಇಬ್ಬರಿಗೆ.

ಊರಿನ ಪರಿಚಯದ ಏಜೆಂಟರೊಬ್ಬರು, ‘ಗಾಡಿ ತರೋದೂ ಬ್ಯಾಡ, ರೊಕ್ಕ ಕೊಡ್ರಿ, ಎಲ್ಲಾ ನಾ ನೋಡ್ಕೋತೀನಿ’ ಎಂದರು. ಅಪ್ಪನಿಗೆ ಅದೇ ಸರಿ ಎನಿಸಿತ್ತು. ನಾನು, ‘ಅಪ್ಪಾ, ಮೆಕ್ಯಾನಿಕಲ್ ಓದಾಕತ್ತೀನಿ. ನಮ್ಮ ಗಾಡಿ ನಾನ ರೆಡಿ ಮಾಡ್ತೀನಿ’ ಎಂದೆ. ಹೇಳುವಾಗ ಧೈರ್ಯವಿತ್ತು. ನಿಜ ಹೇಳಬೇಕೆಂದರೆ ಆವರೆಗೆ ನಾನು ಒಂದು ಚಕ್ರವನ್ನೂ ಬಿಚ್ಚಿದವನಲ್ಲ.

ಬಿಚ್ಚಿದಾಗ ಕಂಡದ್ದು

ಸಂಕೇಶ್ವರದಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯನಿದ್ದಾನೆ. ಎಸ್ಸೆಸ್ಸೆಲ್ಸಿವರೆಗೆ ನನ್ನ ಜೊತೆ ಒಂದೇ ಬೆಂಚು. ಆಮೇಲೆ ಅವನು ಪಾನಾ ಹಿಡಿದ, ನಾನು ಪಿಯುಸಿಗೆ ಹೋದೆ. ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಅವನ ಮುಂದೆ ನಿಲ್ಲಿಸಿದೆ. ಅವನು ಹಿಂದಿನ ಬ್ರೇಕ್ ಒತ್ತಿ, ಚಕ್ರದ ಪಕ್ಕದ ಬ್ರೇಕ್ ಪ್ಯಾನೆಲ್ ಮೇಲಿರುವ ಸಣ್ಣ ಬಾಣದ ಗುರುತು ತೋರಿಸಿದ. ಬ್ರೇಕ್ ಪೂರ್ತಿ ಒತ್ತಿದಾಗ ಆ ಬಾಣ ಎದುರಿನ ಗೆರೆಯನ್ನು ಮುಟ್ಟಿದರೆ ಒಳಗಿನ ಲೈನಿಂಗ್ ಮುಗಿದಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಬಾಣ ಗೆರೆಯನ್ನು ದಾಟಿ ಹೋಗಿತ್ತು. ಹದಿನೈದು ವರ್ಷ ಕಣ್ಣೆದುರೇ ಇದ್ದ ಗುರುತು. ಮನೆಯಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ.

ಚಕ್ರ ಬಿಚ್ಚಿದೆವು. ಬ್ರೇಕ್ ಶೂ ಮೇಲೆ ಲೈನಿಂಗ್ ಕಾಗದದಷ್ಟು ತೆಳ್ಳಗೆ ಉಳಿದಿತ್ತು, ಒಂದು ತುದಿಯಲ್ಲಿ ಲೋಹ ಹೊಳೆಯುತ್ತಿತ್ತು. ಬ್ರೇಕ್ ಸಡಿಲವಾದಾಗಲೆಲ್ಲ ಅಪ್ಪ ರಾಡಿನ ತುದಿಯ ನಟ್ಟನ್ನು ಒಂದೊಂದು ಸುತ್ತು ಬಿಗಿ ಮಾಡುತ್ತ ಬಂದಿದ್ದರು. ಈಗ ಬಿಗಿ ಮಾಡಲು ಎಳೆಯೇ ಉಳಿದಿರಲಿಲ್ಲ. ಡ್ರಮ್ಮಿನೊಳಗಿನ ಧೂಳನ್ನು ನಾನು ಬಾಯಿಂದ ಊದಲು ಹೋದಾಗ ಗೆಳೆಯ ತಡೆದ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು, ಅದು ಪುಪ್ಪುಸಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಬ್ರೇಕ್ ಬಗ್ಗೆ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೇನೆ. ಆದರೆ ಆ ಶೂ ಕೈಯಲ್ಲಿ ಹಿಡಿದಾಗಲೇ ಲೆಕ್ಕ ಮಾಡಬೇಕು ಎನಿಸಿದ್ದು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಎರಡೂ ಬ್ರೇಕ್ ಸರಿಯಿದ್ದು ಸೆಕೆಂಡಿಗೆ ಆರು ಮೀಟರ್‌ನಂತೆ ವೇಗ ಇಳಿದರೆ ಗಾಡಿ ಸುಮಾರು 10 ಮೀಟರ್‌ನಲ್ಲಿ ನಿಲ್ಲುತ್ತದೆ. ಬ್ರೇಕಿನ ಬಲ ಅರ್ಧವಾದರೆ 20 ಮೀಟರ್ ಬೇಕು. ಹೆಚ್ಚಾದ ಆ ಹತ್ತು ಮೀಟರ್ ಹೆಚ್ಚು ಕಡಿಮೆ ಒಂದು ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರ್‌ನಷ್ಟು ಉದ್ದ. ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಈ ಲೆಕ್ಕ ಏನು ಹೇಳುತ್ತದೆ ಎಂದು ವಿವರಿಸಬೇಕಿಲ್ಲ. ಕಬ್ಬು ತುಂಬಿದ ಟ್ರೇಲರ್‌ಗಳು ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ಸಾಗುತ್ತಿರುತ್ತವೆ. ಅವುಗಳ ಹಿಂದೆ ಅಪ್ಪ ಎಷ್ಟು ರಾತ್ರಿ ಈ ಬ್ರೇಕ್ ನಂಬಿ ಹೋಗಿದ್ದಾರೋ.

ಒಂದು ತಪ್ಪು ಕಂಡ ಮೇಲೆ ಉಳಿದವೂ ಕಾಣತೊಡಗಿದವು. ಮುಂದಿನ ಚಕ್ರದ ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿದೆವು. ಬಿಗಿ ಇದ್ದದ್ದು ‘ಟಿಣ್’ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮೂರು ಕಡ್ಡಿ ಸಡಿಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ. ಅದು ಕೋನ್ ಸೆಟ್ ಸಡಿಲವಾದ ಲಕ್ಷಣ. ಚೈನ್ ಜೋತು ಬಿದ್ದು ಕವರ್‌ಗೆ ಬಡಿಯುತ್ತಿತ್ತು. ಹಿಂದಿನ ಟೈರಿನಲ್ಲಿ ಸವಕಳಿ ತೋರಿಸುವ ಅಡ್ಡ ಉಬ್ಬುಗಳು ಮೇಲ್ಮೈಗೆ ಸಮನಾಗಿದ್ದವು. ಅಂದರೆ ಟೈರ್ ಮುಗಿದಿದೆ.

ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಜೋರಾಗಿ ಉರಿಯಬೇಕಲ್ಲ, ಅದನ್ನು ಆ ದಿನ ನಾವಿಬ್ಬರೂ ನೋಡುವುದನ್ನೇ ಮರೆತೆವು. ಅದರ ಕಥೆ ಮುಂದೆ.

ಹೊಗೆ, ನಂಬರ್, ಸೀರೆ ಗಾರ್ಡ್

ಮುಂದಿನದು ಹೊಗೆ ತಪಾಸಣೆ. 2000ದ ಏಪ್ರಿಲ್ ನಂತರ ತಯಾರಾದ ನಮ್ಮಂಥ ನಾಲ್ಕು ಸ್ಟ್ರೋಕ್ ಬೈಕಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3.5 ಮೀರಬಾರದು, ಹೈಡ್ರೋಕಾರ್ಬನ್ 4,500 ಪಿಪಿಎಂ ಮೀರಬಾರದು. ಏರ್ ಫಿಲ್ಟರ್ ತೆಗೆದು ನೋಡಿದರೆ ಹೊಲದ ಮಣ್ಣೆಲ್ಲ ಅದರಲ್ಲೇ ಇತ್ತು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಫಿಲ್ಟರ್ ಬದಲಿಸಿ, ಪ್ಲಗ್ ಒರೆಸಿ, ಕಾರ್ಬ್ಯುರೇಟರ್ ಸ್ವಚ್ಛ ಮಾಡಿ ಹೋದೆವು. ಎಂಜಿನ್ ಬಿಸಿಯಾದ ಮೇಲೆ ಪರೀಕ್ಷೆ ಮಾಡಿಸಿದ್ದರಿಂದ ಮೊದಲ ಸಲವೇ ಪಾಸ್. ನಮ್ಮಂಥ ಹಳೆಯ ಗಾಡಿಗೆ ಈ ಪ್ರಮಾಣಪತ್ರ ಆರು ತಿಂಗಳು ಮಾತ್ರ ನಡೆಯುತ್ತದೆ. ಮೈಲೇಜೂ ಸ್ವಲ್ಪ ಸುಧಾರಿಸಿತು. ಅಪ್ಪನಿಗೆ ನನ್ನ ಮೇಲೆ ಮೊದಲ ಬಾರಿ ನಂಬಿಕೆ ಬಂದದ್ದು ಆಗಲೇ ಇರಬೇಕು.

ಚಾಸಿ ನಂಬರ್ ಹ್ಯಾಂಡಲ್ ಬುಡದಲ್ಲಿ ಫ್ರೇಮಿನ ಮೇಲೆ ಕೊರೆದಿರುತ್ತದೆ. ಎಂಜಿನ್ ನಂಬರ್ ಎಂಜಿನ್ನಿನ ಕೆಳಭಾಗದಲ್ಲಿರುತ್ತದೆ. ತಪಾಸಣೆಯಲ್ಲಿ ಮೊದಲು ನೋಡುವುದು ಇವನ್ನೇ, ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆಯುತ್ತಾರೆ. ನಮ್ಮದು ಗ್ರೀಸು, ಮಣ್ಣು, ತುಕ್ಕಿನಲ್ಲಿ ಮುಚ್ಚಿತ್ತು. ನಾನು ಉಪ್ಪು ಕಾಗದ ತಂದಿದ್ದೆ. ಗೆಳೆಯ ಅದನ್ನು ಕಸಿದುಕೊಂಡ. ಜೋರಾಗಿ ಉಜ್ಜಿ ಒಂದು ಅಂಕಿ ಅಳಿದರೂ ಗಾಡಿಯ ಗುರುತೇ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್, ಅರ್ಧ ಗಂಟೆ ತಾಳ್ಮೆ. ಇಷ್ಟು ಸಾಕಾಯಿತು.

2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶವಾಯಿತಲ್ಲ, ಅದನ್ನು ಮೊದಲೇ ಹಾಕಿಸಿದ್ದೆವು. ಸೀರೆ ಗಾರ್ಡ್ ಮಾತ್ರ ಇರಲಿಲ್ಲ. ಪಿಯುಸಿಯಲ್ಲಿದ್ದಾಗ ಗಾಡಿ ‘ಸ್ಪೋರ್ಟ್ಸ್ ಲುಕ್’ ಕಾಣಲಿ ಎಂದು ಅದನ್ನು ಬಿಚ್ಚಿದವನು ನಾನೇ. ಕನ್ನಡಿಗಳನ್ನು ಬಿಚ್ಚಿದವನೂ ನಾನೇ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕು ಹೆಣ್ಣುಮಕ್ಕಳು ಬಿದ್ದ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ. ನಾನು ಗಾರ್ಡ್ ಬಿಚ್ಚಿದ ಮೂರು ವರ್ಷ ಅವ್ವ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದುಕೊಂಡು ಕೂರುತ್ತಿದ್ದಳು. ಯಾಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಹಳೆಯ ಗಾರ್ಡ್ ಹಿತ್ತಲಲ್ಲಿ ಹುಡುಕಿದರೆ ಸಿಗಲಿಲ್ಲ. ಹೇಗೂ ನಡೆಯುತ್ತದೆ ಎಂದುಕೊಂಡೆ. ಕನ್ನಡಿಗಳನ್ನು ಸಹಪಾಠಿಯ ಗಾಡಿಯಿಂದ ಒಂದು ದಿನಕ್ಕೆ ಕಡ ತಂದೆ.

ಹತ್ತು ನಿಮಿಷದ ಪರೀಕ್ಷೆ

ಜುಲೈ ಕೊನೆಯ ವಾರ ಅಪ್ಪ ಮತ್ತು ನಾನು ಆರ್‌ಟಿಒ ಕಚೇರಿಗೆ ಹೋದೆವು. ಫಾರ್ಮ್ 25, ಆರ್‌ಸಿ, ಇನ್ಶೂರೆನ್ಸ್, ಹೊಗೆ ಪ್ರಮಾಣಪತ್ರ, ಆಧಾರ್, ಶುಲ್ಕ ಕಟ್ಟಿದ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ. ನಿರೀಕ್ಷಕರು ನಂಬರ್ ತಾಳೆ ನೋಡಿದರು. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್ ನೋಡಿದರು. ಆಮೇಲೆ ಹಿಂದೆ ನಿಂತು, ‘ಬ್ರೇಕ್ ಒತ್ತು’ ಎಂದರು. ಒತ್ತಿದೆ. ‘ಒತ್ತಪಾ.’ ಒತ್ತಿಯೇ ಇದ್ದೇನೆ ಸರ್ ಎಂದೆ. ದೀಪ ಹೊತ್ತಿರಲಿಲ್ಲ. ಚಕ್ರದ ಪಕ್ಕ ಕೈ ತೋರಿಸಿ, ‘ಇಲ್ಲಿ ಗಾರ್ಡ್ ಎಲ್ಲಿ? ಮನ್ಯಾಗ ಹೆಣ್ಮಕ್ಕಳು ಕೂಡೂದಿಲ್ಲೇನು?’ ಎಂದು ಕೇಳಿದರು. ಎರಡನ್ನೂ ಸರಿ ಮಾಡಿಸಿಕೊಂಡು ಬರಲು ಹೇಳಿ ಕಳಿಸಿದರು.

ವಾಪಸ್ ಬರುವಾಗ ನನಗೆ ಸಿಟ್ಟು ಬಂದಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಫೇಲು. ಏಜೆಂಟರಿಗೆ ಕೊಟ್ಟಿದ್ದರೆ ಮುಗಿದಿರುತ್ತಿತ್ತು ಎಂದೆ. ಅಪ್ಪ ಸ್ವಲ್ಪ ದೂರ ಸುಮ್ಮನಿದ್ದು, ‘ಹಿಂದಿನ ಲೈಟ್ ಹತ್ತೂದಿಲ್ಲ ಅಂತ ನನಗ ಗೊತ್ತ ಇರಲಿಲ್ಲ. ಗಾಡಿ ಮ್ಯಾಲ ಕುಂತಾವಗ ಅದು ಹೆಂಗ ಕಾಣಬೇಕು?’ ಎಂದರು. ನಿಜ. ಬ್ರೇಕ್ ದೀಪ ಸವಾರನಿಗೆ ಕಾಣುವುದಿಲ್ಲ, ಹಿಂದೆ ಬರುವವನಿಗೆ ಮಾತ್ರ ಕಾಣುತ್ತದೆ. ಎರಡನೆಯವರೊಬ್ಬರು ಹಿಂದೆ ನಿಂತು ಹೇಳದಿದ್ದರೆ ಅದು ಕೆಟ್ಟಿರುವುದು ಗೊತ್ತಾಗುವುದೇ ಇಲ್ಲ. ಆ ದೀಪ ಎಷ್ಟು ಹಂಗಾಮಿನಿಂದ ಕೆಟ್ಟಿತ್ತೋ.

ಗೆಳೆಯನ ಗ್ಯಾರೇಜಿನಲ್ಲಿ ಕಾರಣ ಸಿಕ್ಕಿತು. ಪೆಡಲ್ಲಿಗೂ ಬ್ರೇಕ್ ಸ್ವಿಚ್ಚಿಗೂ ನಡುವೆ ಇರುವ, ಕಿರುಬೆರಳಿನಷ್ಟು ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿತ್ತು. ಹತ್ತು ರೂಪಾಯಿಯ ಸಾಮಾನು. ಹಾಕಲು ಐದು ನಿಮಿಷ. ಹೊಸ ಸೀರೆ ಗಾರ್ಡನ್ನೂ ಕೂರಿಸಿದೆವು. ಮುಂದಿನ ವಾರ ಹೋದಾಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬ್ರೇಕ್ ಶೂ, ಟೈರ್, ಫಿಲ್ಟರ್, ಗಾರ್ಡ್, ಸಣ್ಣಪುಟ್ಟದ್ದು ಸೇರಿ ಶುಲ್ಕ ಬಿಟ್ಟು ಸುಮಾರು ಮೂರೂವರೆ ಸಾವಿರ ಖರ್ಚಾಗಿತ್ತು. ಗಾಡಿಗೆ 2030ರವರೆಗೆ ಅನುಮತಿ ಸಿಕ್ಕಿತು.

ನಡುವಿನ ಐದು ವರ್ಷ

ಬ್ರಿಟನ್‌ನಲ್ಲಿ 1960ರಿಂದ ‘ಎಂಒಟಿ’ ಎಂಬ ಕಡ್ಡಾಯ ತಪಾಸಣೆ ಇದೆ. ಈಗ ಅಲ್ಲಿ ಮೂರು ವರ್ಷ ತುಂಬಿದ ಬೈಕನ್ನು ಪ್ರತಿವರ್ಷ ತೋರಿಸಬೇಕು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ಜಪಾನಿನಲ್ಲಿ 250 ಸಿಸಿಗಿಂತ ದೊಡ್ಡ ಬೈಕಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ನಮ್ಮಲ್ಲಿ ಖಾಸಗಿ ಬೈಕಿನ ಬ್ರೇಕ್ ಹೇಗಿದೆ ಎಂದು ಹದಿನೈದು ವರ್ಷ ಯಾವ ಕಚೇರಿಯೂ ಕರೆದು ನೋಡುವುದಿಲ್ಲ. ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಎಲ್ಲ ಸಾವಿಗೂ ಗಾಡಿಯ ಸ್ಥಿತಿಯೇ ಕಾರಣವಲ್ಲ, ವೇಗ, ರಸ್ತೆ, ಹೆಲ್ಮೆಟ್ ಇಲ್ಲದಿರುವುದು ಎಲ್ಲವೂ ಇವೆ. ಆದರೆ ಗಾಡಿಯ ಸ್ಥಿತಿಯೊಂದು ಪೂರ್ತಿ ನಮ್ಮ ಕೈಯಲ್ಲಿದೆ.

ಪ್ರತಿವರ್ಷ ಖಂಡೇನವಮಿಗೆ ನಾವು ಗಾಡಿ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕುತ್ತೇವೆ. ಹದಿನೈದು ಸಲ ಹಾರ ಹಾಕಿದ ಗಾಡಿಯ ಬ್ರೇಕನ್ನು ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಈಗ ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಗಾಡಿಗೆ ಮೀಸಲು. ಓದುಗ ಮಿತ್ರರೇ, ನೀವೂ ಮಾಡಬಹುದು. ಬ್ರೇಕ್ ಒತ್ತಿ ಬಾಣದ ಗುರುತು ನೋಡಿ. ಗಾಡಿಯ ಹಿಂದೆ ಒಬ್ಬರನ್ನು ನಿಲ್ಲಿಸಿ ದೀಪ ಹೊತ್ತುತ್ತದೆಯೇ ಕೇಳಿ. ಟೈರಿನ ಉಬ್ಬು, ಗಾಳಿ ನೋಡಿ. ನಮ್ಮ ಗಾಡಿಗೆ ಮುಂದೆ 25 ಪಿಎಸ್ಐ, ಒಬ್ಬರೇ ಇದ್ದರೆ ಹಿಂದೆ 28. ನಿಮ್ಮದಕ್ಕೆ ಎಷ್ಟೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಚೈನ್ ನಡುಭಾಗ ಎತ್ತಿ ಇಳಿಸಿ ಎಷ್ಟು ಸಡಿಲ ಇದೆ ನೋಡಿ, ಎಣ್ಣೆ ಬಿಡಿ. ಎಂಜಿನಿಯರಿಂಗ್ ಓದಬೇಕೆಂದೇನೂ ಇಲ್ಲ. ನನಗೆ ಇದನ್ನೆಲ್ಲ ಕಲಿಸಿದವನು ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟ ಹುಡುಗ.

ತಪಾಸಣೆ ಮುಗಿದ ಸಂಜೆ ಸಹಪಾಠಿಯ ಕನ್ನಡಿಗಳನ್ನು ವಾಪಸ್ ಕೊಡಲು ಅಂಗಳದಲ್ಲಿ ಬಿಚ್ಚುತ್ತ ಕುಳಿತಿದ್ದೆ. ಅಪ್ಪ ಬಂದು ನೋಡಿ, ‘ಪರೀಕ್ಷಾ ಮುಗೀತಲ್ಲ, ಇನ್ನ ಕನ್ನಡಿ ಬ್ಯಾಡೇನ?’ ಎಂದಷ್ಟೇ ಕೇಳಿ ಒಳಗೆ ಹೋದರು. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಮಾರನೆಯ ದಿನ ಮರೆಯುವ ನನಗೆ ಆ ಪ್ರಶ್ನೆ ಎರಡು ಕಡೆ ತಾಗಿತು. ಮರುದಿನವೇ ಸಂಕೇಶ್ವರಕ್ಕೆ ಹೋಗಿ ಜೋಡಿ ಕನ್ನಡಿ ತಂದು ಹಾಕಿದೆ.

ಅಕ್ಟೋಬರ್ 1ರಂದು ಖಂಡೇನವಮಿ ಬಂತು. ಗಾಡಿ ತೊಳೆದೆ. ಅವ್ವ ಹಾರ ತಂದಳು. ಅಪ್ಪ ‘ತಡಿ’ ಎಂದು ಗಾಡಿಯ ಹಿಂದೆ ಹೋಗಿ ನಿಂತು, ‘ಬ್ರೇಕ್ ಒತ್ತು’ ಎಂದರು. ಕೆಂಪು ದೀಪ ಹೊತ್ತಿತು. ಆಮೇಲೆ ಕಾಯಿ ಒಡೆದೆವು.

– ಬಿ.ಇ. ಮೆಕ್ಯಾನಿಕಲ್ ವಿದ್ಯಾರ್ಥಿ, ನಿಡಸೋಸಿ